ಹೆರಿಗೆಯ ಆಚೆಗಿನ ಓಟ

ಕೀನ್ಯಾದ ಫೇತ್ ಕಿಪ್ಯೆಗಾನ್ ಅವರಿಗೆ 2018ರ ಜೂನ್‌ನಲ್ಲಿ ಮಗಳು ಹುಟ್ಟಿದಾಗ ಅವರ ವಯಸ್ಸು 24. ಅಷ್ಟರಲ್ಲಾಗಲೇ 1500 ಮೀಟರ್ ಓಟದಲ್ಲಿ ಗೆಲ್ಲಬೇಕಾದುದನ್ನೆಲ್ಲ ಅವರು ಗೆದ್ದಿದ್ದರು. 2011ರಲ್ಲಿ ಬರಿಗಾಲಲ್ಲಿ ಓಡಿ ಜೂನಿಯರ್ ವಿಶ್ವ ಕ್ರಾಸ್‌ಕಂಟ್ರಿ ಪ್ರಶಸ್ತಿ, 2016ರಲ್ಲಿ ರಿಯೊ ಒಲಿಂಪಿಕ್ಸ್ ಚಿನ್ನ, ಮರುವರ್ಷ ಲಂಡನ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟ. ಅಲ್ಲಿಗೇ ಓಟ ನಿಲ್ಲಿಸಿದ್ದರೂ ಯಾರೂ ಅಚ್ಚರಿಪಡುತ್ತಿರಲಿಲ್ಲ. ಆಗ ಅವರ ಶ್ರೇಷ್ಠ ಸಮಯ 3 ನಿಮಿಷ 56.41 ಸೆಕೆಂಡು. ತಾಯಿಯಾದ ಏಳು ವರ್ಷಗಳ ಬಳಿಕ, 2025ರ ಜುಲೈನಲ್ಲಿ ಅಮೆರಿಕದ ಯೂಜೀನ್‌ನಲ್ಲಿ ಅವರು ಬರೆದ ವಿಶ್ವ ದಾಖಲೆ 3 ನಿಮಿಷ 48.68 ಸೆಕೆಂಡು. ಏಳೂಮುಕ್ಕಾಲು ಸೆಕೆಂಡು ಎಂದರೆ ಕೇಳುವವರಿಗೆ ಅಲ್ಪ ಅನ್ನಿಸೀತು. ಆ ವೇಗದಲ್ಲಿ ಅದು ಸುಮಾರು 50 ಮೀಟರ್ ಅಂತರ. ಹೆರಿಗೆಗೆ ಮುಂಚಿನ ಫೇತ್ ಜೊತೆಯಲ್ಲೇ ಓಡಿದ್ದರೆ ಬಹಳ ಹಿಂದೆ ಉಳಿಯುತ್ತಿದ್ದರು. ಮಧ್ಯಮ ದೂರದ ಓಟಗಾರ್ತಿಯ ವೃತ್ತಿಬದುಕು ಹೆರಿಗೆಯೊಂದಿಗೆ ಮುಗಿಯಿತು ಎಂದು ತೀರ್ಪು ಕೊಡುತ್ತ ಬಂದದ್ದು ಅವಳ ದೇಹವಲ್ಲ, ಕ್ರೀಡೆಯನ್ನು ನಡೆಸುವ ವ್ಯವಸ್ಥೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ನನಗೆ ಕಾಣುವುದಿಲ್ಲ.

ಹೆಣ್ಣಿನ ದೇಹದ ಹೆಸರಿನಲ್ಲಿ ಇಂಥ ತೀರ್ಪು ಬಂದದ್ದು ಇದೇ ಮೊದಲಲ್ಲ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು ಮೊದಲ ಸಲ 800 ಮೀಟರ್ ಓಡಿದರು. ಜರ್ಮನಿಯ ಲೀನಾ ರಾಡ್ಕೆ ವಿಶ್ವ ದಾಖಲೆಯೊಂದಿಗೆ ಗೆದ್ದರು. ಆದರೆ ಪತ್ರಿಕೆಗಳು ಬರೆದದ್ದು ಓಟ ಮುಗಿಸಿ ಬಳಲಿ ಕುಳಿತವರ ಬಗ್ಗೆ, ಅದೂ ಉತ್ಪ್ರೇಕ್ಷೆ ಬೆರೆಸಿ. ಇಷ್ಟು ದೂರ ಹೆಂಗಸರಿಗೆ ಆಗದ ಮಾತು ಎಂದು ಆ ಓಟವನ್ನೇ ಕೈಬಿಡಲಾಯಿತು. ಅದು ಮರಳಿದ್ದು 1960ರಲ್ಲಿ. 1500 ಮೀಟರ್ ಸೇರ್ಪಡೆಯಾಗಲು 1972ರ ಮ್ಯೂನಿಕ್‌ವರೆಗೆ ಕಾಯಬೇಕಾಯಿತು. ಓಡಿ ಸುಸ್ತಾದ ಗಂಡಸರೂ ನೆಲದ ಮೇಲೆ ಮಲಗುತ್ತಿದ್ದರು. ಅದಕ್ಕಾಗಿ ಅವರ ಓಟವನ್ನು ಯಾರೂ ರದ್ದು ಮಾಡಲಿಲ್ಲ.

ಹಾಗೆಂದು ಹೆರಿಗೆ ದೇಹಕ್ಕೆ ಸಣ್ಣ ವಿಷಯ ಎಂದು ನಾನು ಹೇಳುತ್ತಿಲ್ಲ. 1500 ಮೀಟರ್ ಎಂದರೆ 400 ಮೀಟರ್ ಟ್ರ್ಯಾಕಿನಲ್ಲಿ ಮೂರೂಮುಕ್ಕಾಲು ಸುತ್ತು. ದೂರದ ಓಟಕ್ಕೆ ಬೇಕಾದ ದಮ್ಮೂ ಕೊನೆಯ ಸುತ್ತಿಗೆ ಬೇಕಾದ ವೇಗವೂ ಒಂದೇ ದೇಹದಲ್ಲಿ ಇರಬೇಕು. ಬಸಿರು, ಬಾಣಂತನಗಳು ಈ ಎರಡನ್ನೂ ತಗ್ಗಿಸುತ್ತವೆ. ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸ್ನಾಯುಗಳು ಹಿಂದಿನ ಬಿಗಿಗೆ ಬರಲು ತಿಂಗಳುಗಳೇ ಬೇಕು. ಫೇತ್ ಮತ್ತೆ ಸ್ಪರ್ಧೆಗೆ ಇಳಿದದ್ದು ಒಂದು ವರ್ಷದ ನಂತರ, 2019ರ ಜೂನ್ ಕೊನೆಯಲ್ಲಿ. ಆ ಓಟವನ್ನು ಗೆದ್ದರು. ಅದೇ ವರ್ಷದ ಶರತ್ಕಾಲದಲ್ಲಿ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸಿಫಾನ್ ಹಸನ್ ಅವರ ಹಿಂದೆ ಬೆಳ್ಳಿ ಪಡೆದರೂ ಅವರ ಸಮಯ 3 ನಿಮಿಷ 54.22 ಸೆಕೆಂಡು, ಅಂದರೆ ಹೆರಿಗೆಗೆ ಮುಂಚಿನ ಶ್ರೇಷ್ಠ ಓಟಕ್ಕಿಂತ ಎರಡು ಸೆಕೆಂಡು ಬೇಗ. ದೇಹ ಕೇಳಿದ್ದು ಕಾಲಾವಕಾಶವನ್ನು. ಅದು ಸಿಕ್ಕ ಮೇಲೆ ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ಬಂತು; ಒಲಿಂಪಿಕ್ಸ್‌ನ 1500 ಮೀಟರ್ ಓಟವನ್ನು ಮೂರು ಸಲ ಗೆದ್ದವರು ಅವರೊಬ್ಬರೇ. 2023ರಲ್ಲಂತೂ ಜೂನ್ ಆರಂಭದಿಂದ ಜುಲೈ ಕೊನೆಯೊಳಗೆ 1500 ಮೀಟರ್, 5000 ಮೀಟರ್, ಮೈಲಿ, ಮೂರೂ ಓಟಗಳ ವಿಶ್ವ ದಾಖಲೆ ಮುರಿದರು.

ನನ್ನ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಶೂಗಳದ್ದು. ಇತ್ತೀಚಿನ ವರ್ಷಗಳಲ್ಲಿ ಬಂದ ಹೊಸ ಬಗೆಯ ಸ್ಪೈಕ್ ಶೂಗಳು ಓಟಗಾರರಿಗೆ ನೆರವಾಗಿವೆ, ಇದು ನಿಜ. ಏಳೂಮುಕ್ಕಾಲು ಸೆಕೆಂಡಿನಲ್ಲಿ ಒಂದು ಪಾಲು ಶೂಗಳಿಗೆ ಸಲ್ಲಬೇಕು. ಆದರೆ ಪಕ್ಕದಲ್ಲಿ ಓಡುವವರೂ ಅಂಥವನ್ನೇ ತೊಟ್ಟಿರುತ್ತಾರೆ. 2022, 2023, 2025ರ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ 1500 ಮೀಟರ್ ಚಿನ್ನ ಒಬ್ಬರಿಗೇ ಸಿಕ್ಕಿದ್ದನ್ನು ಶೂ ವಿವರಿಸಲಾರದು. ಪದಕದ ಓಟದಲ್ಲಿ ವೇಗ ಹೊಂದಿಸಿಕೊಡುವ ಪೇಸ್‌ಮೇಕರ್ ಕೂಡ ಇರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಒಬ್ಬ ಅಸಾಧಾರಣ ಓಟಗಾರ್ತಿಯನ್ನು ನೋಡಿ ಎಲ್ಲರ ಬಗ್ಗೆ ಹೇಳಬಹುದೆ? ಫೇತ್‌ರಂತೆ ಎಲ್ಲರೂ ಓಡಲಾರರು, ಒಪ್ಪೋಣ. ಆದರೆ ಅವರು ಅಸಾಧಾರಣರಾದದ್ದು ಪ್ರತಿಭೆಯಲ್ಲಿ ಮಾತ್ರವಲ್ಲ, ದೊರೆತ ಬೆಂಬಲದಲ್ಲಿಯೂ. ಸಮುದ್ರಮಟ್ಟದಿಂದ ಸುಮಾರು 2400 ಮೀಟರ್ ಎತ್ತರದ ಕಪ್ತಗಾಟ್‌ನಲ್ಲಿ ಪ್ಯಾಟ್ರಿಕ್ ಸಾಂಗ್ ಅವರ ತರಬೇತಿ, ಜೊತೆಗೆ ಓಡಲು ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್ಚೋಗೆ ಅಂಥವರ ತಂಡ. ಗಂಡ ತಿಮೋತಿ ಕಿಟುಮ್ ಕೂಡ ಲಂಡನ್ ಒಲಿಂಪಿಕ್ಸ್‌ನ 800 ಮೀಟರ್ ಕಂಚು ಗೆದ್ದ ಓಟಗಾರ. ಇಷ್ಟು ಆಸರೆ ಎಷ್ಟು ಜನ ಬಾಣಂತಿಯರಿಗೆ ಸಿಕ್ಕೀತು? ಪ್ರಾಯೋಜಕರ ಹಣವೇ ಹೆಚ್ಚಿನ ಓಟಗಾರ್ತಿಯರ ಸಂಬಳ. ಅಮೆರಿಕದ ಓಟಗಾರ್ತಿಯರಾದ ಅಲಿಸಿಯಾ ಮೊಂಟಾನೊ, ಆಲಿಸನ್ ಫೆಲಿಕ್ಸ್ 2019ರಲ್ಲಿ ಬಾಯಿಬಿಟ್ಟು ಹೇಳಿದ ಮೇಲಷ್ಟೇ ಬಸಿರಾದವರ ಹಣ ಕಡಿತಗೊಳ್ಳುವ ಸಂಗತಿ ಲೋಕಕ್ಕೆ ತಿಳಿದದ್ದು. ಅದೇ ವರ್ಷ ನೈಕಿ ಸಂಸ್ಥೆ ಹೆರಿಗೆಯ ಹಿಂದುಮುಂದಿನ 18 ತಿಂಗಳು ಹಣ ಕಡಿಮೆ ಮಾಡುವುದಿಲ್ಲ ಎಂಬ ನಿಯಮ ತಂದಿತು. ಒಲಿಂಪಿಕ್ಸ್ ಗ್ರಾಮದಲ್ಲಿ ಮಕ್ಕಳೊಂದಿಗೆ ಕಾಲ ಕಳೆಯಲು ಒಂದು ಕೋಣೆ ಸಿಕ್ಕಿದ್ದು 2024ರ ಪ್ಯಾರಿಸ್‌ನಲ್ಲಿ. ಹೀಗಿರುವಾಗ ಹಿಂದೆ ಮರಳಿ ಬಾರದವರ ಸಂಖ್ಯೆಯನ್ನು ತೋರಿಸಿ, ಹೆರಿಗೆಯಾದವರು ಓಡಲಾರರು ಎನ್ನುವುದು ಸಲ್ಲದ ವಾದ. ಅವರಿಗೆ ಮರಳುವ ದಾರಿಯನ್ನೇ ಇಟ್ಟಿರಲಿಲ್ಲ.

ಹೊಗಳಿಕೆಯ ಭರದಲ್ಲಿ ನಾವು ಮರೆಯುವ ಇನ್ನೊಂದು ಮಾತಿದೆ. ಫೇತ್ ಅವರನ್ನು ತೋರಿಸಿ ಪ್ರತಿ ತಾಯಿಯೂ ಹೀಗೆ ಮರಳಬೇಕು ಎಂದರೆ ಅದು ಮತ್ತೊಂದು ಹೇರಿಕೆಯಾಗುತ್ತದೆ. ಮಗುವಿನ ಜೊತೆ ಇರಲೆಂದು ಓಟ ಬಿಡುವವಳ ನಿರ್ಧಾರಕ್ಕೂ ಅಷ್ಟೇ ಮರ್ಯಾದೆ ಇದೆ, ಅದು ಅವಳದೇ ಆಗಿದ್ದರೆ. ಹಾಗಾಗಬೇಕಾದರೆ ಒಪ್ಪಂದವಿಲ್ಲದೆ ಬಹುಮಾನದ ಹಣವನ್ನೇ ನಂಬಿ ಓಡುವವರ ಬಗ್ಗೆಯೂ ಯಾರಾದರೂ ಯೋಚಿಸಬೇಕು. ದೊಡ್ಡ ಪ್ರಾಯೋಜಕರ ನಿಯಮ ಒಪ್ಪಂದ ಇದ್ದವರನ್ನು ಕಾಯುತ್ತದೆ. ಕೀನ್ಯಾದ ತರಬೇತಿ ಶಿಬಿರಗಳಲ್ಲಾಗಲಿ ನಮ್ಮ ಜಿಲ್ಲಾ ಕ್ರೀಡಾಂಗಣಗಳಲ್ಲಾಗಲಿ ಓಡುವ ಹೆಚ್ಚಿನ ಹುಡುಗಿಯರಿಗೆ ಅಂಥ ಒಪ್ಪಂದವಿಲ್ಲ. ಒಂದು ವರ್ಷ ಓಡದಿದ್ದರೆ ಅವರಿಗೆ ಆ ವರ್ಷದ ಗಳಿಕೆಯೇ ಇಲ್ಲ.