ಬಟನ್ನೋ, ಟಚ್ಚೋ? ಬಳಸುವ ಕೈಯನ್ನು ಕೇಳಿ

ಊರಿನಲ್ಲಿರುವ ಅಪ್ಪನಿಗೋ ಅತ್ತೆಗೋ ಹೊಸ ಫೋನ್ ಕೊಡಿಸುವ ಮಾತು ಬಂದಾಗ ಮನೆಮಂದಿ ಎರಡು ಪಕ್ಷವಾಗುತ್ತಾರೆ. ‘ವಯಸ್ಸಾಯಿತು, ಬಟನ್ ಸೆಟ್ಟೇ ಸಾಕು’ ಎನ್ನುತ್ತಾರೆ ಒಬ್ಬರು. ‘ಈ ಕಾಲದಲ್ಲೂ ಬಟನ್ನಾ? ಮೊಮ್ಮಕ್ಕಳ ಮುಖ ನೋಡಲಿಕ್ಕಾದರೂ ಟಚ್ ಬೇಡವೇ?’ ಎನ್ನುತ್ತಾರೆ ಇನ್ನೊಬ್ಬರು. ಎರಡೂ ಅಕ್ಕರೆಯ ಮಾತುಗಳೇ. ಆದರೆ ಫೋನ್ ಹಿಡಿಯಬೇಕಾದವರನ್ನು ಯಾರೂ ಕೇಳಿರುವುದಿಲ್ಲ. ವಯಸ್ಸು ನೋಡಿ ಫೋನ್ ಆರಿಸುವುದು ತಪ್ಪು. ನೋಡಬೇಕಾದ್ದು ಅವರ ಕೈ, ಕಣ್ಣು, ದಿನದ ಕೆಲಸ.

ಈಗಿನ ಟಚ್ ಪರದೆಗೆ ಒತ್ತಡ ಲೆಕ್ಕಕ್ಕಿಲ್ಲ. ಗಾಜಿನಡಿಯ ಸೂಕ್ಷ್ಮ ವಿದ್ಯುತ್ ಕ್ಷೇತ್ರದಲ್ಲಿ ಬೆರಳಿನಿಂದಾಗುವ ಏರುಪೇರನ್ನು ಅಳೆದು ಅದು ಮುಟ್ಟಿದ ಜಾಗವನ್ನು ಗುರುತಿಸುತ್ತದೆ. ನೀರು ಬಿದ್ದರೆ ಆ ಅಳತೆ ತಪ್ಪುತ್ತದೆ. ವರ್ಷಗಟ್ಟಲೆ ಗುದ್ದಲಿ ಹಿಡಿದು ಜಡ್ಡುಗಟ್ಟಿದ ಒಣ ಬೆರಳಿನ ಸುಳಿವು ಅದಕ್ಕೆ ಸಿಗದೆಯೂ ಹೋಗಬಹುದು. ಹಾಲು ಕರೆದ ಕೈ, ಅಡಕೆ ಸುಲಿದ ಕೈ, ನಾಟಿ ಗದ್ದೆಯಿಂದ ಈಗಷ್ಟೇ ಮೇಲೆ ಬಂದ ಕೈ ಎಷ್ಟು ಒರೆಸಿದರೂ ಕರೆ ಎತ್ತಲಾಗದೆ ಒದ್ದಾಡುವುದು ಇದೇ ಕಾರಣಕ್ಕೆ. ‘ಇದು ನನಗೆ ಆಗಿಬರಲ್ಲ’ ಎಂದು ಹಿರಿಯರು ಫೋನನ್ನು ಬದಿಗಿಟ್ಟರೆ ಅದನ್ನು ಕಲಿಯಲೊಲ್ಲದ ಹಟವೆಂದು ದಯವಿಟ್ಟು ತಿಳಿಯಬೇಡಿ.

ಬಟನ್ ಫೋನಿನಲ್ಲಿ ಬೆರಳಿಗೇ ಕಣ್ಣಿರುತ್ತದೆ. 5ರ ಕೀಲಿಯ ಮೇಲೆ ಅಥವಾ ಅದರ ಪಕ್ಕದಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಉಬ್ಬು ಇರುತ್ತದೆ. ಅದು ಸಿಕ್ಕರೆ ಕತ್ತಲಲ್ಲೂ, ದೃಷ್ಟಿ ಇಲ್ಲದವರಿಗೂ ಉಳಿದ ಅಂಕಿಗಳು ಸಿಕ್ಕಂತೆಯೇ. 2003ರಲ್ಲಿ ಬಂದ ನೋಕಿಯಾ 1100ಕ್ಕೆ ದೂಳು ಒಳಸೇರದ ಕೀಲಿಮಣೆಯಿತ್ತು, ನೆತ್ತಿಯಲ್ಲಿ ಟಾರ್ಚ್ ಇತ್ತು. ಅದು ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಬಳಸುವವರ ಬದುಕನ್ನು ಕಂಡು ಮಾಡಿದ ಯಂತ್ರ ಅದು.

ಹಾಗೆಂದು ಬಟನ್ನೇ ಮೇಲು ಎನ್ನಲು ಕನ್ನಡಿಗನಾದ ನನಗೆ ಮನಸ್ಸು ಒಪ್ಪದು. ಆ ಹನ್ನೆರಡು ಕೀಲಿಗಳಲ್ಲಿ ನಮ್ಮ ಲಿಪಿ ಎಂದೂ ಸರಿಯಾಗಿ ಕೂರಲಿಲ್ಲ. ವರ್ಣಮಾಲೆಯ 49 ಅಕ್ಷರಗಳು, ಅವುಗಳ ಮೇಲೆ ಗುಣಿತ, ಅದರ ಮೇಲೆ ಒತ್ತಕ್ಷರ. ‘ಕ್ಷೇಮ’ ಎಂಬ ಎರಡೇ ಅಕ್ಷರಗಳ ಪದಕ್ಕೆ ಯೂನಿಕೋಡಿನಲ್ಲಿ ಐದು ಸಂಕೇತಗಳು ಬೇಕು: ಕ, ಅರ್ಧಾಕ್ಷರದ ಚಿಹ್ನೆ, ಷ, ಏತ್ವ, ಮ. ಒಂದೊಂದಕ್ಕೂ ಒಂದೇ ಕೀಲಿಯನ್ನು ಹಲವು ಸಲ ಒತ್ತುತ್ತ ಕೂರುವ ತಾಳ್ಮೆ ಯಾರಿಗಿದ್ದೀತು? ಹೀಗಾಗಿ ‘ಊಟ ಆಯ್ತಾ’ ಎಂಬ ಮಾತನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಅಭ್ಯಾಸ ಬೆಳೆಯಿತು. ಕನ್ನಡ ಶಾಲೆಯಲ್ಲಿ ಓದಿ, ಚೆಂದದ ಕಾಗದ ಬರೆಯುತ್ತಿದ್ದ ಎಷ್ಟೋ ತಾಯಂದಿರು ಫೋನ್ ಕೈಗೆ ಬಂದಮೇಲೆ ಬರೆಯುವುದನ್ನೇ ಬಿಟ್ಟರು. ನನಗೆ ತುಂಬ ನೋವು ಕೊಡುವ ಸಂಗತಿಯಿದು.

2007ರ ಜನವರಿಯಲ್ಲಿ ಐಫೋನನ್ನು ಪರಿಚಯಿಸುವಾಗ ಸ್ಟೀವ್ ಜಾಬ್ಸ್ ಮಂಡಿಸಿದ ವಾದವೊಂದಿದೆ: ಪ್ಲಾಸ್ಟಿಕ್ ಕೀಲಿಗಳು ಬೇಕಿರಲಿ, ಬೇಡವಿರಲಿ ಅಲ್ಲೇ ಕೂತಿರುತ್ತವೆ, ಕೆಲಸಕ್ಕೆ ತಕ್ಕಂತೆ ಬದಲಾಗಲಾರವು. ಆ ವಾದದ ನಿಜವಾದ ಲಾಭ ನಮ್ಮಂಥ ಲಿಪಿಗಳಿಗೆ ಆಯಿತು. ಪರದೆಯ ಮೇಲಿನ ಕೀಲಿಮಣೆ ಬರೀ ಚಿತ್ರವಾದ್ದರಿಂದ ಅದು ಕನ್ನಡವೂ ಆಗಬಲ್ಲದು. 2017ರಲ್ಲಿ ಗೂಗಲ್ ಕನ್ನಡಕ್ಕೂ ಧ್ವನಿ ಟೈಪಿಂಗ್ ಕೊಟ್ಟಮೇಲೆ ಕೀಲಿಯ ಗೊಡವೆಯೂ ಕಡಿಮೆಯಾಯಿತು. ಮೈಕಿನ ಗುರುತು ಮುಟ್ಟಿ ಮಾತಾಡಿದರೆ ಅಕ್ಷರ ಮೂಡುತ್ತದೆ. ಓದು ಬರಹ ಬಲ್ಲ, ಸುದ್ದಿ, ಭಜನೆ, ಯಕ್ಷಗಾನದ ರುಚಿಯಿರುವ ಹಿರಿಯರಿಗೆ ಕಣ್ಣು ಮಬ್ಬಾಗಿದೆ ಎಂದು ಬಟನ್ ಫೋನ್ ಕೊಡುವುದು ಅನ್ಯಾಯ. ಅಕ್ಷರ ದೊಡ್ಡದು ಮಾಡುವ ಅನುಕೂಲ ಟಚ್ ಫೋನಿನಲ್ಲೇ ಹೆಚ್ಚು. ಕೃಷಿಕರಿಗಂತೂ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ತಮ್ಮ ಹೊಲದ ಫೋಟೊ ತಾವೇ ಹಾಕಲು ಟಚ್ ಬೇಕೇ ಬೇಕು.

ಹಣ ಕಳಿಸಲು ಟಚ್ಚೇ ಆಗಬೇಕೆಂದಿಲ್ಲ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಆರಂಭಿಸಿದ ಯುಪಿಐ 123ಪೇ ಬಟನ್ ಫೋನಿನಲ್ಲೂ ನಡೆಯುತ್ತದೆ. ಒಂದು ಸಲಕ್ಕೆ 5,000 ರೂಪಾಯಿ ಇದ್ದ ಮಿತಿಯನ್ನು 10,000ಕ್ಕೆ ಏರಿಸಲು 2024ರಲ್ಲಿ ತೀರ್ಮಾನವಾಯಿತು. ಮದುವೆ ಕರೆಯೋಲೆಯ ವೇಷದಲ್ಲಿ ವಾಟ್ಸ್ಆ್ಯಪ್‌ಗೆ ಬರುವ ವಂಚಕ ಆ್ಯಪ್‌ಗಳ ಕಾಟ ಸಾದಾ ಬಟನ್ ಸೆಟ್ಟಿಗಿಲ್ಲ. ಒಟಿಪಿ ಕೇಳುವ ಕರೆ ಮಾತ್ರ ಎರಡಕ್ಕೂ ಬರುತ್ತದೆ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂಬುದನ್ನು ಫೋನ್ ಕೊಡುವ ದಿನವೇ ಹೇಳಿಕೊಡಿ.

ಬಟನ್ ಫೋನ್ ಕೊಳ್ಳುವವರು ನೆಟ್‌ವರ್ಕ್ ವಿಚಾರಿಸದೆ ದುಡ್ಡು ಕೊಡಬಾರದು. ಜಿಯೊಗೆ 2ಜಿ ಜಾಲವೇ ಇಲ್ಲ. ಆ ಸಿಮ್ ಇರುವವರು 2ಜಿ ಸೆಟ್ ತಂದರೆ ಅದು ಕೆಲಸಕ್ಕೆ ಬಾರದು, 4ಜಿ ಬಟನ್ ಫೋನೇ ಬೇಕು. 2016ರ ಕೇಂದ್ರ ನಿಯಮದ ಪ್ರಕಾರ ಬಟನ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು. ಕೊಳ್ಳುವ ಸೆಟ್ಟಿನಲ್ಲಿ ಆ ಕೀಲಿ ಯಾವುದೆಂದು ಕೇಳಿ ತಿಳಿದುಕೊಳ್ಳಿ.

ಕೈಕೆಲಸ ಹೆಚ್ಚಿದ್ದು ಮಾತಷ್ಟೇ ಸಾಕೆನ್ನುವವರಿಗೆ ಬಟನ್, ಓದುವ, ನೋಡುವ, ಬರೆಯುವ ಆಸೆ ಇರುವವರಿಗೆ ಟಚ್. ಮೊದಲು ಅವರನ್ನೇ ಅಂಗಡಿಗೆ ಕರೆದೊಯ್ಯಿರಿ. ಎರಡನ್ನೂ ಅವರ ಕೈಗೇ ಕೊಟ್ಟು, ನಿಮಗೊಂದು ಕರೆ ಮಾಡಲು ಹೇಳಿ, ಅವಸರಪಡಿಸದೆ ಕಾಯಿರಿ. ಬಿಲ್ ಮಾಡಿಸುವ ಮುನ್ನ *#06# ಒತ್ತಿ, ಕಾಣುವ 15 ಅಂಕಿಗಳ ಐಎಂಇಐ ಪೆಟ್ಟಿಗೆಯ ಮೇಲಿನದಕ್ಕೆ ತಾಳೆಯಾಗುತ್ತದೆಯೇ ನೋಡಿ, ಬಿಲ್ಲಿನಲ್ಲೂ ಬರೆಸಿಕೊಳ್ಳಿ. ಫೋನ್ ಕಳೆದುಹೋದರೆ ಅದನ್ನು ಬೇರೆಯವರು ಬಳಸದಂತೆ ತಡೆಹಿಡಿಸಲು ಆ ಸಂಖ್ಯೆ ಬೇಕಾಗುತ್ತದೆ.