ಬ್ರಹ್ಮಪುತ್ರನ ಮಡಿಲಿನ ಮಾಜುಲಿ

ರಜೆ ಬಂದಿತೆಂದರೆ ಪಟ್ಟಣದ ಸಂಸಾರಸ್ಥರಿಗೆ ಇನ್ನೊಂದು ಬಗೆಯ ಓಟ ಮೊದಲಾಗುತ್ತದೆ. ಬೆಳಿಗ್ಗೆ ಒಂದು ಜಲಪಾತ, ಮಧ್ಯಾಹ್ನ ಎರಡು ದೇವಾಲಯ, ಸಂಜೆಗೆ ಒಂದು ಉದ್ಯಾನ. ಊರಿಗೆ ಮರಳಿದ ಮೇಲೆ ದಣಿವಾರಿಸಿಕೊಳ್ಳಲು ಮತ್ತೆರಡು ದಿನ ರಜೆ ಹಾಕಬೇಕಾಗುತ್ತದೆ. ಈ ಓಟದಿಂದ ಬೇಸತ್ತವರಿಗೆ ಅಸ್ಸಾಮಿನ ಮಾಜುಲಿ ದ್ವೀಪಕ್ಕಿಂತ ಒಳ್ಳೆಯ ತಾಣ ಸಿಗುವುದು ಕಷ್ಟ. ಅಲ್ಲಿ ನೋಡಲೇಬೇಕಾದ ಸ್ಥಳಗಳು ಕೆಲವೇ. ಮಾಡಲು ಮಾತ್ರ ಬೇಕಾದಷ್ಟಿದೆ.

ಮಾಜುಲಿ ಕಡಲಿನ ದ್ವೀಪವಲ್ಲ, ನದಿಯದು. ದಕ್ಷಿಣಕ್ಕೆ ಬ್ರಹ್ಮಪುತ್ರ, ಉತ್ತರಕ್ಕೆ ಅದರದೇ ಕವಲಾದ ಖೇರ್ಕುಟಿಯಾ ಮತ್ತು ಉಪನದಿಯಾದ ಸುಬನ್ಸಿರಿ. ನಡುವಿನ ಈ ಹಸಿರು ನೆಲ 2016ರಲ್ಲಿ ಒಂದು ಜಿಲ್ಲೆಯೇ ಆಯಿತು. ದೇಶದಲ್ಲಿ ಜಿಲ್ಲೆಯ ಪದವಿ ಪಡೆದ ಮೊದಲ ನದೀದ್ವೀಪ ಇದೇ. ಜೋರ್ಹಾಟ್ ನಗರದ ಬಳಿಯ ನಿಮಾತಿ ಘಾಟಿನಲ್ಲಿ ದೋಣಿ ಹತ್ತಿದರೆ ಸುಮಾರು ಒಂದು ಗಂಟೆಯ ಪಯಣ. ಸೈಕಲ್ಲು, ಮೋಟಾರು, ತರಕಾರಿಯ ಬುಟ್ಟಿ, ಶಾಲೆಯ ಮಕ್ಕಳು ಎಲ್ಲವೂ ಒಂದೇ ದೋಣಿಯಲ್ಲಿ. ನದಿಯ ಪ್ರವಾಹಕ್ಕೆ ತಕ್ಕಂತೆ ದೋಣಿ ಸಾಗುವುದರಿಂದ ಕೈಗಡಿಯಾರವನ್ನು ಮರೆಯುವ ಅಭ್ಯಾಸ ಇಲ್ಲಿಂದಲೇ ಆರಂಭವಾಗುತ್ತದೆ.

ಸತ್ರಗಳ ಸಂಜೆ

ಮಾಜುಲಿಯ ಜೀವಾಳವೆಂದರೆ ಅಲ್ಲಿಯ ವೈಷ್ಣವ ಸತ್ರಗಳು. ‘ಸತ್ರ’ ಎಂದೊಡನೆ ಕನ್ನಡಿಗರಿಗೆ ಊಟ ವಸತಿಗಳ ಧರ್ಮಛತ್ರ ನೆನಪಾಗಬಹುದು. ಅಸ್ಸಾಮಿನಲ್ಲಿ ಅದಕ್ಕೆ ಮಠವೆಂಬ ಅರ್ಥ. ಶ್ರೀಮಂತ ಶಂಕರದೇವರೂ ಅವರ ಶಿಷ್ಯ ಮಾಧವದೇವರೂ ಹರಡಿದ ಭಕ್ತಿಪಂಥದ ನೆಲೆಗಳಿವು. ಔನಿಯಾಟಿ, ಗರಮೂರ್, ಕಮಲಾಬಾರಿ ಮುಂತಾದವು ಹೆಸರಾಂತ ಸತ್ರಗಳು. ಸಂಜೆಯ ಹೊತ್ತು ಪಾದರಕ್ಷೆ ಕಳಚಿ ನಾಮ್‌ಘರ್ ಎಂಬ ಪ್ರಾರ್ಥನಾಮಂದಿರದ ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತರೆ ಸಾಕು. ಖೋಲು ಮದ್ದಳೆಯ ನಾದ, ತಾಳದ ಝಣತ್ಕಾರ, ನಾಮಸಂಕೀರ್ತನೆ ಕಿವಿ ತುಂಬುತ್ತವೆ. ಹರಿದಾಸರ ಪದಗಳನ್ನು ಕೇಳಿ ಬೆಳೆದವರಿಗೆ ಭಾಷೆ ತಿಳಿಯದಿದ್ದರೂ ಭಾವ ತಿಳಿಯದೆ ಇರದು. ಈ ಸತ್ರಗಳಲ್ಲಿಯೇ ಬೆಳೆದ ಸತ್ರಿಯಾ ನೃತ್ಯಕ್ಕೆ ಸಂಗೀತ ನಾಟಕ ಅಕಾಡೆಮಿ 2000ದಲ್ಲಿ ಶಾಸ್ತ್ರೀಯ ನೃತ್ಯದ ಮನ್ನಣೆಯಿತ್ತಿತು.

ಶಂಕರದೇವರು ಬರೆದ ‘ಅಂಕೀಯಾ ನಾಟ’ಗಳಲ್ಲಿ ಸೂತ್ರಧಾರ ಆದಿಯಿಂದ ಅಂತ್ಯದವರೆಗೆ ರಂಗದ ಮೇಲೆಯೇ ಇರುತ್ತಾನೆ. ಯಕ್ಷಗಾನದ ಭಾಗವತರನ್ನು ಬಲ್ಲವರು ಅವನನ್ನು ಕಂಡೊಡನೆ ಗುರುತಿಸಿಯಾರು. ಈ ನಾಟಕಗಳಿಗೆ ಬೇಕಾದ ಮುಖವಾಡಗಳು ಸಾಮಗುರಿ ಸತ್ರದಲ್ಲಿ ತಯಾರಾಗುತ್ತವೆ. ಬಿದಿರಿನ ಸೀಳುಗಳಿಂದ ಹೆಣೆದ ಹಂದರದ ಮೇಲೆ ಜೇಡಿಯಲ್ಲಿ ಅದ್ದಿದ ಬಟ್ಟೆ, ಅದರ ಮೇಲೆ ಮಣ್ಣು ಸೆಗಣಿಗಳ ಲೇಪ, ಒಣಗಿದ ಬಳಿಕ ಬಣ್ಣ. ನೋಡುತ್ತಿದ್ದಂತೆ ಗರುಡನೋ ರಾವಣನೋ ಕಣ್ಣು ತೆರೆಯುತ್ತಾನೆ. ಈ ಕಲೆಯ ಹಿರಿಯ ಸಾಧಕರಾದ ಹೇಮಚಂದ್ರ ಗೋಸ್ವಾಮಿಯವರಿಗೆ 2023ರಲ್ಲಿ ಪದ್ಮಶ್ರೀ ಲಭಿಸಿತು. ಮರುವರ್ಷ ಮಾಜುಲಿಯ ಮುಖವಾಡಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಮಕ್ಕಳೊಡನೆ ಹೋದವರು ಅರ್ಧ ದಿನವನ್ನಾದರೂ ಇಲ್ಲಿ ಕಳೆಯುವುದು ಲೇಸು.

ಹಾದಿಯೇ ವಿಹಾರ

ಉಳಿದ ಹೊತ್ತಿಗೆ ಬಾಡಿಗೆಯ ಸೈಕಲ್ಲೊಂದು ಸಾಕು. ದಾರಿಯ ಇಕ್ಕೆಲಗಳಲ್ಲಿ ಗದ್ದೆ, ಬಿದಿರುಮೆಳೆ, ಕೆರೆ. ಮಿಸಿಂಗ್ ಜನರ ಹಳ್ಳಿಗಳಲ್ಲಿ ಮನೆಗಳು ನೆಲದ ಮೇಲಿಲ್ಲ, ಕಂಬಗಳ ಮೇಲಿವೆ. ನೆರೆ ಬಂದಾಗ ನೀರು ಕೆಳಗೆ ಹರಿದುಹೋಗಲೆಂದು ಈ ಏರ್ಪಾಡು. ಉಳಿದ ದಿನಗಳಲ್ಲಿ ಆ ನೆರಳಿನಲ್ಲಿ ಹೆಂಗಸರ ಮಗ್ಗ ನಡೆಯುತ್ತದೆ. ಸಾಲ್ಮೊರಾ ಎಂಬಲ್ಲಿ ಕುಂಬಾರರು ಚಕ್ರದ ನೆರವಿಲ್ಲದೆ, ಕೈಯಿಂದ ತಟ್ಟಿ ತಟ್ಟಿಯೇ ಮಡಕೆ ಮಾಡುತ್ತಾರೆ. ಹೊಳೆಯಲ್ಲಿ ತೇಲಿಬಂದ ಕಟ್ಟಿಗೆಯಿಂದ ಅವನ್ನು ಸುಡುತ್ತಾರೆ. ಚಳಿಗಾಲದ ಮುಂಜಾವಿನಲ್ಲಿ ಮರಳದಿಣ್ಣೆಗಳ ಕಡೆಗೆ ನಡೆದರೆ ಕಾವ್ಯಗಳಲ್ಲಿ ಓದಿದ ಚಕ್ರವಾಕಗಳನ್ನು ಕಣ್ಣಾರೆ ಕಾಣಬಹುದು.

ನವೆಂಬರಿನಿಂದ ಮಾರ್ಚಿಯವರೆಗೆ ಹೋಗಲು ತಕ್ಕ ಕಾಲ. ಕಾರ್ತಿಕ ಹುಣ್ಣಿಮೆಯ ರಾಸೋತ್ಸವದಲ್ಲಿ ದ್ವೀಪವೆಲ್ಲ ಜನರಿಂದ ತುಂಬುತ್ತದೆ. ಉತ್ಸವ ಬೇಕೆನ್ನುವವರು ಆಗ, ಏಕಾಂತ ಬೇಕೆನ್ನುವವರು ಅನಂತರ ಹೋಗಬೇಕು. ಬಿದಿರಿನ ಕುಟೀರಗಳೂ ಸತ್ರಗಳ ಅತಿಥಿಗೃಹಗಳೂ ಉಂಟು. ವೈಭೋಗವನ್ನು ನಿರೀಕ್ಷಿಸುವಂತಿಲ್ಲ.

ಕರಗುತ್ತಿರುವ ನೆಲ

ಈ ಪ್ರಶಾಂತಿಯ ಹಿಂದೆ ಒಂದು ವ್ಯಥೆಯ ಕಥೆಯಿದೆ. 20ನೆಯ ಶತಮಾನದ ಆದಿಯಲ್ಲಿ ಮಾಜುಲಿಯ ವಿಸ್ತೀರ್ಣ 1,200 ಚದರ ಕಿಲೋಮೀಟರಿಗೂ ಮಿಕ್ಕಿತ್ತು. ಇಂದು ಅದರ ಅರ್ಧವೂ ಉಳಿದಿಲ್ಲ. 1950ರ ಆಗಸ್ಟ್ 15ರಂದು ಸಂಭವಿಸಿದ ಭೀಕರ ಭೂಕಂಪದಲ್ಲಿ ಬೆಟ್ಟಗಳು ಕುಸಿದು, ಅಪಾರ ಹೂಳು ಬ್ರಹ್ಮಪುತ್ರನ ಪಾತ್ರವನ್ನು ಎತ್ತರಿಸಿತು. ಅಂದಿನಿಂದ ದಡದ ಕೊರೆತ ಹೆಚ್ಚಾಯಿತು. ಮರಳುಮಿಶ್ರಿತವಾದ ಸಡಿಲ ಮಣ್ಣನ್ನು ಪ್ರವಾಹ ಅಡಿಯಿಂದ ಕೆರೆದಾಗ ಮೇಲಿನ ದಂಡೆ ಹೋಳು ಹೋಳಾಗಿ ಕುಸಿಯುತ್ತದೆ. ಹಳ್ಳಿಗಳು ಹೋದವು, ಗದ್ದೆಗಳು ಹೋದವು. ಎಷ್ಟೋ ಸತ್ರಗಳು ಆಚೆಯ ದಡಕ್ಕೆ ವಲಸೆಹೋದವು. ಕಂಬದ ಮನೆ ನೆರೆಯನ್ನು ತಾಳಬಲ್ಲುದು. ಕಂಬ ಊರಿದ ನೆಲವೇ ಹೋದರೆ ಅದೇನು ಮಾಡೀತು?

ಹೀಗಿದ್ದೂ ಅಲ್ಲಿಯ ಜನ ಕೈಕಟ್ಟಿ ಕುಳಿತಿಲ್ಲ. ಮಿಸಿಂಗ್ ಸಮುದಾಯದ ಜಾದವ್ ಪಾಯೆಂಗ್ ಅವರು 1979ರಿಂದ ಹತ್ತಿರದ ಬರಡು ಮರಳದಿಣ್ಣೆಯೊಂದರಲ್ಲಿ ಗಿಡ ನೆಡುತ್ತ ಒಂದು ಅರಣ್ಯವನ್ನೇ ಬೆಳೆಸಿದರು. 2015ರಲ್ಲಿ ಪದ್ಮಶ್ರೀ ಅವರನ್ನು ಅರಸಿಬಂದಿತು.

ಮಾಜುಲಿಯನ್ನು ಒಂದೇ ಹಗಲಿನಲ್ಲಿ ನೋಡಿ ಸಂಜೆಯ ದೋಣಿಗೆ ಮರಳುವವರಿಂದ ದ್ವೀಪಕ್ಕೂ ಲಾಭವಿಲ್ಲ, ಅವರಿಗೂ ಇಲ್ಲ. ಮೂರು ನಾಲ್ಕು ದಿನ ತಂಗಿ, ಅಲ್ಲಿಯವರ ಮನೆಯ ಅನ್ನ ಉಂಡು, ನೇಯ್ದವರ ಕೈಯಿಂದಲೇ ಬಟ್ಟೆ, ಮಾಡಿದವರ ಕೈಯಿಂದಲೇ ಮುಖವಾಡ ಕೊಂಡರೆ ಆ ಹಣ ಆ ಮಣ್ಣಿನ ಮಕ್ಕಳಿಗೇ ಸೇರುತ್ತದೆ. ಮಗ್ಗವೂ ಮುಖವಾಡವೂ ಅನ್ನ ಕೊಡುವವರೆಗೆ, ಎಷ್ಟು ಬಾರಿ ದಡ ಕುಸಿದರೂ ಇನ್ನಷ್ಟು ಒಳಗೆ ಸರಿದು ಮತ್ತೆ ಮನೆ ಕಟ್ಟುವ ಧೈರ್ಯ ಅವರಿಗೆ ಉಳಿದೀತು.