ಖಾಲಿ ಕುರ್ಚಿ ಯಾರಿಗೆ?

ವಿಜಯನಗರದಿಂದ ಇನ್ನೊಂದು ಎಪಿಸೋಡ್. ಇವತ್ತು ಒಂದು ಕಂಚಿನ ಪ್ರತಿಮೆ ಬಗ್ಗೆ. ಕುರ್ಚಿ ಮೇಲೆ ಕೂತ ಕೊರಿಯನ್ ಹುಡುಗಿ, ಬರಿಗಾಲು, ಬಿಗಿಹಿಡಿದ ಮುಷ್ಟಿ. ಪಕ್ಕದಲ್ಲೊಂದು ಖಾಲಿ ಕುರ್ಚಿ. ಇರೋದು ಅಮೆರಿಕದ ಲಾಸ್ ಏಂಜಲೀಸ್ ಹತ್ತಿರದ ಗ್ಲೆಂಡೇಲ್‌ನಲ್ಲಿ. ಅಲ್ಲಿ ಯಾಕೆ?

ಮೊದಲು ಹಿನ್ನೆಲೆ. 1930ರ ದಶಕದಿಂದ 1945ರವರೆಗೆ ಜಪಾನಿನ ಸೇನೆ ಕೊರಿಯಾ, ಚೀನಾ, ಫಿಲಿಪೈನ್ಸ್ ಮುಂತಾದ ಕಡೆಯ ಹೆಣ್ಣುಮಕ್ಕಳನ್ನು ಸೈನಿಕರ ಲೈಂಗಿಕ ಗುಲಾಮರನ್ನಾಗಿ ಇಟ್ಟುಕೊಂಡಿತ್ತು. ಕೆಲಸ ಕೊಡಿಸ್ತೀವಿ ಅಂತ ಮೋಸ ಮಾಡಿ ಕರೆದೊಯ್ದದ್ದೂ ಉಂಟು, ಎಳೆದೊಯ್ದದ್ದೂ ಉಂಟು. 'ಕಂಫರ್ಟ್ ವಿಮೆನ್' ಅನ್ನೋದು ಆ ಕ್ರೌರ್ಯಕ್ಕಿಟ್ಟ ನಯವಾದ ಹೆಸರು. ದೂರದ ಕಥೆ ಅನ್ಕೋಬೇಡಿ. 1942ರಿಂದ 1945ರವರೆಗೆ ಜಪಾನಿನ ಹಿಡಿತದಲ್ಲಿದ್ದ ನಮ್ಮ ಅಂಡಮಾನ್‌ನಲ್ಲೂ ಇಂಥ ಕೇಂದ್ರಗಳಿದ್ದವು.

ಯುದ್ಧ ಮುಗಿದ ಮೇಲೂ ದಶಕಗಳ ಕಾಲ ಬಹುತೇಕರು ಬಾಯಿ ಬಿಡಲಿಲ್ಲ. 1991ರ ಆಗಸ್ಟ್ 14ರಂದು ಕಿಮ್ ಹಾಕ್-ಸುನ್ ಅನ್ನೋ ಅಜ್ಜಿ ಸೋಲ್‌ನಲ್ಲಿ ಹೆಸರು ಹೇಳಿ, ಮುಖ ತೋರಿಸಿ ಮಾತಾಡಿದರು. 1992ರ ಜನವರಿಯಿಂದ ಜಪಾನ್ ರಾಯಭಾರ ಕಚೇರಿ ಎದುರು ಬುಧವಾರದ ಪ್ರತಿಭಟನೆ ಶುರುವಾಯ್ತು. 2011ರಲ್ಲಿ, ಸಾವಿರನೇ ಪ್ರತಿಭಟನೆ ದಿನ, ಈ ಹುಡುಗಿಯ ಮೊದಲ ಪ್ರತಿಮೆ ಅಲ್ಲಿ ಬಂತು. 2013ರಲ್ಲಿ ಅದರದೇ ಪ್ರತಿರೂಪವನ್ನು ಅಮೆರಿಕದ ಕೊರಿಯನ್ನರು ಗ್ಲೆಂಡೇಲ್‌ನಲ್ಲಿ ನಿಲ್ಲಿಸಿದರು.

ಆಮೇಲೆ 2015ರ ಒಪ್ಪಂದ. ಬಿ.ಕಾಂ ಓದಿದ ನನಗೆ ಅದು 'ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್' ಥರ ಕಾಣುತ್ತೆ. ಜಪಾನ್ ಕ್ಷಮೆ ಕೇಳುತ್ತೆ, 100 ಕೋಟಿ ಯೆನ್ ಕೊಡುತ್ತೆ. ವಿಷಯ ಶಾಶ್ವತವಾಗಿ ಮುಗೀತು ಅಂತ ಎರಡೂ ಸರ್ಕಾರ ಒಪ್ಪುತ್ತವೆ. ಸೋಲ್ ಪ್ರತಿಮೆ ಬಗ್ಗೆ ಜಪಾನಿಗಿರುವ ತಕರಾರು ಬಗೆಹರಿಸೋಕೆ ಕೊರಿಯಾ ಪ್ರಯತ್ನಿಸುತ್ತೆ. ಅಕೌಂಟ್ ಕ್ಲೋಸ್! ಆದರೆ ಅಕೌಂಟ್ ಯಾರದ್ದೋ, ಆ ಅಜ್ಜಿಯರನ್ನೇ ಸರಿಯಾಗಿ ಕೇಳಿರಲಿಲ್ಲ. ಹಲವರು ಹಣ ಪಡೆದರು, ಕೆಲವರು ಬೇಡವೇ ಬೇಡ ಅಂದರು.

ಹೊರದೇಶದಲ್ಲಿ ನೆಲೆಸಿದವರ ಬಲ ಗೊತ್ತಾಗೋದು ಇಲ್ಲೇ. ಸರ್ಕಾರಗಳು ಹಾಕಿದ ಸಹಿ ಅವರನ್ನು ಕಟ್ಟಿಹಾಕಲ್ಲ. ತಮ್ಮೂರಿನ ಕೌನ್ಸಿಲ್ ಮುಂದೆ ಅವರು ಮತದಾರರು. 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇನ್ನೊಂದು ಸ್ಮಾರಕ ಎದ್ದಿತು. ಮುಂದಾಳತ್ವ ಚೀನೀ ಮೂಲದ ಇಬ್ಬರು ನಿವೃತ್ತ ನ್ಯಾಯಾಧೀಶೆಯರದ್ದು. ಸಿಟ್ಟಾದ ಒಸಾಕಾ ನಗರ 60 ವರ್ಷದ ಸಿಸ್ಟರ್ ಸಿಟಿ ಸಂಬಂಧ ಕಡಿದುಕೊಂಡಿತು.

ಹಾಗಾದ್ರೆ ಇದು ಜಪಾನೀಯರ ಮೇಲಿನ ದ್ವೇಷವಾ? ಅಲ್ಲ. 2007ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ, ಜಪಾನ್ ಕ್ಷಮೆ ಕೇಳಬೇಕು ಅನ್ನೋ ನಿರ್ಣಯ ಮಂಡಿಸಿದ ಮೈಕ್ ಹೋಂಡಾ ಜಪಾನೀ ಮೂಲದವರೇ. ಯುದ್ಧದ ಕಾಲದಲ್ಲಿ, ಇನ್ನೂ ಮಗುವಾಗಿದ್ದಾಗ, ಅಮೆರಿಕವೇ ಅವರನ್ನು ಶಿಬಿರದಲ್ಲಿ ಕೂಡಿಹಾಕಿತ್ತು. ಸರ್ಕಾರ ಕ್ಷಮೆ ಕೇಳೋದಕ್ಕೆ ಎಷ್ಟು ಬೆಲೆ ಅಂತ ಅವರಿಗೆ ಗೊತ್ತಿತ್ತು.

ಕಿಮ್ ಅಜ್ಜಿ 1997ರಲ್ಲಿ ತೀರಿಕೊಂಡರು. ದಕ್ಷಿಣ ಕೊರಿಯಾ ಸರ್ಕಾರದಲ್ಲಿ ಹೆಸರು ನೋಂದಾಯಿಸಿದ್ದ 240 ಮಂದಿಯಲ್ಲಿ ಈಗ ಉಳಿದವರು ಬೆರಳೆಣಿಕೆಯಷ್ಟು. ಆ ಖಾಲಿ ಕುರ್ಚಿ ಹೋದವರ ನೆನಪಿಗೆ. ಬಂದವರು ಕೂತು, ಅವಳ ಪಕ್ಕದಿಂದ ಲೋಕ ನೋಡೋಕೂ ಹೌದು. ಸಾಕ್ಷಿ ಹೇಳೋರು ಇಲ್ಲದಾದಾಗ, ಕೇಳಿಸಿಕೊಂಡವರೇ ಹೇಳಬೇಕು ಅಲ್ವಾ? ಈಗ ನೀವೂ ಕೇಳಿಸಿಕೊಂಡಿದ್ದೀರಿ. ಮುಂದಿನ ವಾರ ಸಿಗೋಣ.